ಮನೆಯಲ್ಲಿ ಕಟ್ಟಿದ ವಿಮಾನದ ಮೊದಲ ಹಾರಾಟ: ವಿಜಯದಶಮಿ ದಿನ ಇಡಬಹುದಾ?

ಕಬ್ಬಿನಗದ್ದೆ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ಮದ್ದೂರು ಕಡೆ ನಮ್ಮ ತೋಟದ ಶೆಡ್ಡಿನಲ್ಲಿ ನಾನು, ನನ್ನ ತಮ್ಮ ಸೇರಿ ಕಟ್ಟಿದ ಎರಡು ಸೀಟಿನ ವಿಮಾನ ಕೊನೆಗೂ ಒಂದು ರೂಪಕ್ಕೆ ಬಂದಿದೆ. ಬಿಡಿಭಾಗ ತರಿಸಿ ಜೋಡಿಸುವ ಅಲ್ಯೂಮಿನಿಯಂ ಕಿಟ್. ರೆಕ್ಕೆ ಕೆಳಗಡೆ, ಮೂಗಿನ ಕೆಳಗೊಂದು ಚಕ್ರ, ಎಂಜಿನ್ ರೋಟ್ಯಾಕ್ಸ್ 912 ಯುಎಲ್‌ಎಸ್, 100 ಅಶ್ವಶಕ್ತಿ. ರೆಕ್ಕೆ ಬಿಚ್ಚಿ ಲಾರಿಯಲ್ಲಿ ಮಂಡಕಳ್ಳಿಗೆ (ಮೈಸೂರು ವಿಮಾನ ನಿಲ್ದಾಣ) ತಂದು ಮತ್ತೆ ಜೋಡಿಸಿದ್ದೇವೆ. ಕಾಗದಪತ್ರದ ಕೆಲಸವೂ ಕೊನೇ ಹಂತದಲ್ಲಿದೆ.

ಮನೆಯವರ ಆಸೆ ಒಂದೇ. ಆಯುಧಪೂಜೆ ದಿನ ವಿಮಾನಕ್ಕೆ ಪೂಜೆ, ಮಾರನೇ ದಿನ ವಿಜಯದಶಮಿಗೆ ಮೊದಲ ಹಾರಾಟ. ನೆಂಟರಿಷ್ಟರು, ಊರಿನವರು, ಶಾಲೆ ಮಕ್ಕಳು ಎಲ್ಲ ಬಂದು ನೋಡಬೇಕು ಅಂತ ಅಪ್ಪ ಹೇಳುತ್ತಿದ್ದಾರೆ. ನನಗೆ ಲೈಸೆನ್ಸ್ ಇದೆ. ಕಟ್ಟುವ ಕೆಲಸ ಜಾಸ್ತಿಯಾಗಿ ಈಚೆಗೆ ಹಾರಿದ್ದು ಕಡಿಮೆ. ಆದರೂ ಮೊದಲ ಸಲ ನಾನೇ ಹಾರಿಸಬೇಕು ಅನ್ನೋದು ಮನಸ್ಸಿನಲ್ಲಿದೆ. ರನ್‌ವೇ ಮೇಲೆ ಎಷ್ಟು ಓಡಿಸಿ ನೋಡಬೇಕು? ಮೊದಲ ಹಾರಾಟದಲ್ಲಿ ಏನೇನು ಗಮನಿಸಬೇಕು? ಆಮೇಲೆ ಏನು? ಬಲ್ಲವರು ಹೇಳಿ.

ಚಾಮುಂಡಿ ತಪ್ಪಲು (ಮೈಸೂರು)

ಓದಿ ಮೈ ಜುಮ್ಮೆಂದಿತು ಸಾರ್. ವಿಜಯದಶಮಿಗಿಂತ ಒಳ್ಳೆ ದಿನ ಯಾವುದಿದೆ? ಕಾಲೇಜಿನ ನಮ್ಮ ಗೆಳೆಯರೆಲ್ಲ ಬರುತ್ತೇವೆ.

ಹಳೇ ಹ್ಯಾಂಗರ್ (ಮೈಸೂರು)

ಮೊದಲು ಅಭಿನಂದನೆ. ಶೆಡ್ಡಿನಲ್ಲಿ ಒಂದೊಂದೇ ರಿವೆಟ್ ಹೊಡೆದು ಇಲ್ಲಿಯವರೆಗೆ ಬರುವವರು ತುಂಬಾ ಕಡಿಮೆ. ಅರ್ಧಕ್ಕೆ ನಿಂತ ಕಿಟ್‌ಗಳನ್ನು ನಾನು ನೋಡಿದ್ದೇನೆ.

ಈಗ ನೇರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಪೂಜೆಗೆ ಮುಹೂರ್ತ ಇಡಿ. ಹಾರಾಟಕ್ಕೆ ಮುಹೂರ್ತ ಇಡಬೇಡಿ. ಆಯುಧಪೂಜೆ ದಿನ ಹ್ಯಾಂಗರಿನಲ್ಲಿ ಕುಂಬಳಕಾಯಿ ಒಡೆಯಿರಿ, ಪ್ರೊಪೆಲ್ಲರಿಗೆ ಹಾರ ಹಾಕಿ, ಊರಿಗೆಲ್ಲ ಸಿಹಿ ಹಂಚಿ. ಅಪ್ಪ, ಅಮ್ಮ, ಮಕ್ಕಳು ಎಲ್ಲ ಬಂದು ವಿಮಾನ ಮುಟ್ಟಿ ನೋಡಲಿ. ಆ ಸಂತೋಷ ನಿಮ್ಮ ಹಕ್ಕು. ಆದರೆ ಮೊದಲ ಹಾರಾಟ ಮಾತ್ರ ಯಾರಿಗೂ ಹೇಳದೆ, ಗಾಳಿ ತಣ್ಣಗಿರುವ ಒಂದು ಸಾಮಾನ್ಯ ಬೆಳಿಗ್ಗೆ ಆಗಬೇಕು.

ಯಾಕೆ ಅಂದರೆ, ಆ ದಿನ ನಿಮ್ಮ ಕೈಯಲ್ಲಿರಬೇಕಾದ ಬಹಳ ದೊಡ್ಡ ಅಧಿಕಾರ ಒಂದಿದೆ. "ಇವತ್ತು ಬೇಡ" ಅನ್ನುವ ಅಧಿಕಾರ. ಆಯಿಲ್ ಪ್ರೆಶರ್ ಮುಳ್ಳು ಸ್ವಲ್ಪ ಅಲುಗಿದರೂ ಎಂಜಿನ್ ಆಫ್ ಮಾಡಿ ಕೆಳಗಿಳಿಯಬೇಕು. ಬೇಲಿಯ ಆಚೆ ಇನ್ನೂರು ಜನ, ಟಿವಿ ಕ್ಯಾಮೆರಾ, ಶಾಮಿಯಾನ ಎಲ್ಲ ಇದ್ದಾಗ ಆ ಮಾತು ಬಾಯಿಗೆ ಬರುವುದಿಲ್ಲ. "ಒಂದು ಸುತ್ತು ಹೊಡೆದು ಬಂದುಬಿಡೋಣ" ಅನಿಸುತ್ತದೆ. ಅಲ್ಲೇ ಅಪಾಯ ಇರೋದು.

ಬೆಂಗಳೂರಿನ ಸರ್ಕಾರಿ ವಿಮಾನ ಪ್ರಯೋಗಾಲಯ ಎನ್‌ಎಎಲ್‌ನವರು ಹಂಸ-ಎನ್‌ಜಿ ವಿಮಾನವನ್ನು 2021ರ ಸೆಪ್ಟೆಂಬರ್ 3ರಂದು ಮೊದಲ ಸಲ ಹಾರಿಸಿದರು. ಅದೂ ಎರಡು ಸೀಟಿನದೇ, ಅದಕ್ಕೂ ರೋಟ್ಯಾಕ್ಸ್ 912 ಕುಟುಂಬದ ಎಂಜಿನ್. ಅವತ್ತು ಮಾಡಿದ್ದೇನು? ಸುಮಾರು 20 ನಿಮಿಷ ಹಾರಾಟ, 4,000 ಅಡಿ ಎತ್ತರ, 80 ನಾಟ್ (ಗಂಟೆಗೆ ಸುಮಾರು 148 ಕಿ.ಮೀ.) ವೇಗ. ಅಷ್ಟೇ. ಹಾರುತ್ತಿರುವಾಗಲೇ ಎಂಜಿನ್ ನಿಲ್ಲಿಸಿ ಮತ್ತೆ ಶುರು ಮಾಡುವ ಪರೀಕ್ಷೆ ಮಾಡಿದ್ದು 2022ರ ಮೇ ತಿಂಗಳಲ್ಲಿ, ಚಳ್ಳಕೆರೆಯಲ್ಲಿ. ದೇಶದ ಪ್ರಯೋಗಾಲಯ, ತರಬೇತಾದ ಟೆಸ್ಟ್ ಪೈಲಟ್‌ಗಳು, ಹಿಂದಿನ ಹಂಸದ ಅನುಭವ, ಎಲ್ಲ ಇಟ್ಟುಕೊಂಡು ಅವರು ಇಷ್ಟು ನಿಧಾನ ಹೋದರು. ನಮಗೇನು ಅವಸರ?

ಇನ್ನೊಂದನ್ನೂ ಹೇಳಬೇಕು. 2009ರ ಮಾರ್ಚ್ 6ರಂದು ನಮ್ಮ ಮೈಸೂರು ರಸ್ತೆಯ ಬಿಡದಿ ಬಳಿ ಎನ್‌ಎಎಲ್‌ನದೇ ಸರಸ್ ವಿಮಾನದ ಎರಡನೇ ಮಾದರಿ ಪರೀಕ್ಷೆಯ ವೇಳೆ ಬಿತ್ತು. ಇಬ್ಬರು ಟೆಸ್ಟ್ ಪೈಲಟ್, ಒಬ್ಬ ಟೆಸ್ಟ್ ಎಂಜಿನಿಯರ್ ತೀರಿಕೊಂಡರು. ಅವತ್ತೂ ಎಂಜಿನ್ ನಿಲ್ಲಿಸಿ ಮತ್ತೆ ಹೊತ್ತಿಸುವ ಪರೀಕ್ಷೆಯೇ ನಡೆದಿತ್ತು. ಅಂಥ ನುರಿತವರಿಗೇ ಹಾಗಾಗಿದೆ. ಆ ಮೂವರನ್ನು ನೆನೆದುಕೊಂಡೇ ಈ ಕೆಲಸ ಮಾಡಬೇಕು.

ರಿವೆಟ್ ಗನ್ (ಹೆಬ್ಬಾಳ, ಮೈಸೂರು)

ಹಳೇ ಹ್ಯಾಂಗರ್ ಅವರ ಮಾತಿಗೆ ನನ್ನ ಸಹಿ ಇದೆ. ನಾನೂ ಒಂದು ಕಿಟ್ ವಿಮಾನ ಕಟ್ಟುವುದರಲ್ಲಿ ಕೈ ಜೋಡಿಸಿದವಳು. ಯಾರು ಹಾರಿಸಬೇಕು ಅನ್ನುವ ಪ್ರಶ್ನೆಗೆ ನನ್ನ ಉತ್ತರ: ಕಟ್ಟಿದವರೇ ಹಾರಿಸಲೇಬೇಕು ಅಂತೇನಿಲ್ಲ.

ಅಮೆರಿಕದ ಅಪಘಾತ ತನಿಖಾ ಮಂಡಳಿ ಎನ್‌ಟಿಎಸ್‌ಬಿ 2012ರಲ್ಲಿ ಮನೆಯಲ್ಲಿ ಕಟ್ಟಿದ ವಿಮಾನಗಳ ಬಗ್ಗೆ ಒಂದು ದೊಡ್ಡ ಅಧ್ಯಯನ ಹೊರತಂದಿತು. ಎರಡು ಕಾರಣ ಎದ್ದು ಕಾಣುತ್ತವೆ. ಒಂದು, ಎಂಜಿನ್ ಮತ್ತು ಇಂಧನ ವ್ಯವಸ್ಥೆ ಕೈಕೊಡುವುದು. ಇನ್ನೊಂದು, ಗಾಳಿಯಲ್ಲಿ ವಿಮಾನ ಪೈಲಟ್ ಹಿಡಿತ ತಪ್ಪುವುದು. ಶುರುವಿನ ಹಾರಾಟಗಳಲ್ಲೇ ಅಪಘಾತ ಜಾಸ್ತಿ. ಮೊದಲನೇ ಕಾರಣ ಕಟ್ಟಿದವರ ಕೆಲಸದ ಪರೀಕ್ಷೆ, ಎರಡನೆಯದು ಹಾರಿಸುವವರ ಕೈಯ ಪರೀಕ್ಷೆ. ಕೈ ಪಳಗದಿರುವಾಗ ಎರಡೂ ಪರೀಕ್ಷೆ ಒಂದೇ ದಿನ ಬರೆಯಲು ಹೋಗಬೇಡಿ.

ಮೊದಲು ಅದೇ ತರಹದ ವಿಮಾನದಲ್ಲಿ ಶಿಕ್ಷಕರ ಜೊತೆ ಹಾರಿ ಕೈ ಪಳಗಿಸಿಕೊಳ್ಳಿ. ಇಲ್ಲವೇ ಆ ತರಹದ ವಿಮಾನದಲ್ಲಿ ಪಳಗಿದವರಿಗೆ ಮೊದಲ ಹಾರಾಟ ಬಿಟ್ಟುಕೊಡಿ. ನಿಮ್ಮ ಅನುಮತಿ ಪತ್ರದಲ್ಲಿ ಯಾರು ಹಾರಿಸಬಹುದು, ಎಲ್ಲಿ ಹಾರಿಸಬಹುದು ಅಂತ ಏನು ಬರೆದಿದೆಯೋ ಅದನ್ನು ಒಂದಕ್ಷರವೂ ಮೀರಬೇಡಿ.

ಕಬ್ಬಿನಗದ್ದೆ (ಮಂಡ್ಯ)

ಮುಹೂರ್ತದ ಮಾತು ಒಪ್ಪಿದೆ. ಅಪ್ಪನಿಗೂ ಓದಿ ಹೇಳಿದೆ. "ಪೂಜೆಗೆ ಬಂದರೆ ಸಾಕು" ಅಂದರು. ಆದರೆ ಬೇರೆಯವರಿಗೆ ಬಿಟ್ಟುಕೊಡುವುದು ಮಾತ್ರ ಕಷ್ಟವಾಗ್ತಿದೆ. ಮುಂಬೈನ ಅಮೋಲ್ ಯಾದವ್ ಮನೆಯ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಿದರು. 2017ರಲ್ಲಿ ನೋಂದಣಿ, 2019ರಲ್ಲಿ ಹಾರಾಟದ ಅನುಮತಿ, 2020ರಲ್ಲಿ ಧುಳೆಯಲ್ಲಿ ಹಾರಿಸಿದರು. ಅಂಥವರನ್ನು ನೋಡಿಯೇ ನಾವು ಶುರು ಮಾಡಿದ್ದು.

ಹಳೇ ಹ್ಯಾಂಗರ್ (ಮೈಸೂರು)

ಅವರು ವೃತ್ತಿಯಿಂದಲೇ ಪೈಲಟ್. ದಿನಾ ಹಾರುವ ಕೈ. ಆ ವ್ಯತ್ಯಾಸ ದೊಡ್ಡದು. ಮಗಳ ಮದುವೆಯಲ್ಲಿ ತಂದೆ ತಾನೇ ಅಡುಗೆ ಮಾಡುವುದಿಲ್ಲ, ಅಲ್ವಾ? ಅವತ್ತು ನಿಮಗೆ ಬೇರೆ ಕೆಲಸ ಇದೆ. ನೆಲದ ಮೇಲೆ ರೇಡಿಯೋ ಹಿಡಿದು, ಪೈಲಟ್ ಹೇಳುವ ಒಂದೊಂದು ಅಂಕಿಯನ್ನೂ ಬರೆದುಕೊಳ್ಳಬೇಕು. ವಿಮಾನದ ಒಳಹೊರಗು ನಿಮ್ಮಷ್ಟು ಗೊತ್ತಿರುವವರು ಯಾರೂ ಇಲ್ಲ. ಮೇಲಿನಿಂದ "ಆಯಿಲ್ ಬಿಸಿ ಏರ್ತಿದೆ" ಅಂದಾಗ ಏನು ಮಾಡಬೇಕು ಅಂತ ತಣ್ಣಗೆ ಹೇಳಬಲ್ಲವರು ನೀವೇ.

ಮಂಡಕಳ್ಳಿ ಮುಂಜಾನೆ

ನಾನು ಹಾರಾಟ ಕಲಿಸುವವನು. ಈ ಜಾಗದ ಬಗ್ಗೆ ನಾಲ್ಕು ಮಾತು.

ಮಂಡಕಳ್ಳಿ ರನ್‌ವೇ ಪೂರ್ವ-ಪಶ್ಚಿಮ, ಉದ್ದ 1,740 ಮೀಟರ್. ನಿಮ್ಮ ವಿಮಾನಕ್ಕೆ ಧಾರಾಳ. ಆದರೆ ಸಮುದ್ರಮಟ್ಟದಿಂದ ಎತ್ತರ ಸುಮಾರು 2,400 ಅಡಿ. ಇದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳಲ್ಲ. ಬೆಳಿಗ್ಗೆ 22 ಡಿಗ್ರಿ ಇದ್ದಾಗ ಗಾಳಿ ಎಷ್ಟು ತೆಳುವಾಗಿರುತ್ತದೆ ಅಂದರೆ, ವಿಮಾನಕ್ಕೆ ಸುಮಾರು 3,800 ಅಡಿ ಎತ್ತರದಲ್ಲಿ ಇದ್ದ ಹಾಗೆ. ಏಪ್ರಿಲ್ ಮಧ್ಯಾಹ್ನ 33 ಡಿಗ್ರಿಗೆ ಅದೇ ರನ್‌ವೇ 5,100 ಅಡಿಯ ಹಾಗೆ ವರ್ತಿಸುತ್ತದೆ. ಟರ್ಬೋ ಇಲ್ಲದ ನಿಮ್ಮ 100 ಅಶ್ವಶಕ್ತಿಯ ಎಂಜಿನ್ ಆಗ ಕೊಡುವುದು ಸುಮಾರು 85. ಕಿಟ್ ಕೈಪಿಡಿಯಲ್ಲಿ ಬರೆದಿರುವ ಏರುವ ವೇಗ ಸಮುದ್ರಮಟ್ಟದ್ದು. ಇಲ್ಲಿ ಅದು ಸಿಗದಿದ್ದರೆ ಗಾಬರಿ ಬೇಡ. ಮೊದಲೇ ಲೆಕ್ಕ ಹಾಕಿ ಕಾರ್ಡಿನಲ್ಲಿ ಬರೆದಿಡಿ. ಇಷ್ಟರೊಳಗೆ ನೆಲ ಬಿಡದಿದ್ದರೆ ಥ್ರಾಟಲ್ (ಎಂಜಿನ್ ಶಕ್ತಿ ಏರಿಸಿ ಇಳಿಸುವ ಹಿಡಿ) ಎಳೆದು ನಿಲ್ಲಿಸಬೇಕು ಅಂತ ರನ್‌ವೇ ಪಕ್ಕದ ಒಂದು ಗುರುತನ್ನು ಮೊದಲೇ ಆರಿಸಿಕೊಳ್ಳಿ.

ಆಷಾಢದ ಗಾಳಿ ಮುಗಿಯುವವರೆಗೆ ಕಾಯಿರಿ. ಅದು ರನ್‌ವೇಗೆ ಹೆಚ್ಚುಕಮ್ಮಿ ನೇರವಾಗಿ ಪಶ್ಚಿಮದಿಂದ ಬಂದರೂ ಒಂದೇ ಸಮ ಬೀಸಲ್ಲ, ಎತ್ತಿ ಎತ್ತಿ ಹಾಕುತ್ತದೆ. ದಸರಾ ಹೊತ್ತಿಗೆ ಮಧ್ಯಾಹ್ನದ ಮೇಲೆ ಗುಡುಗು ಮಳೆ. ನವೆಂಬರ್ ಕೊನೆಯಿಂದ ಫೆಬ್ರವರಿ ತನಕ ಬೆಳಿಗ್ಗೆ ಮಂಜು ಕರಗಿದ ಮೇಲಿನ ಒಂದೆರಡು ಗಂಟೆ ಇದೆಯಲ್ಲ, ಅದು ಚಿನ್ನ. ಎಟಿಆರ್ ಪ್ರಯಾಣಿಕ ವಿಮಾನ ಬರುವ ಹೊತ್ತು ಬಿಟ್ಟು ಟವರ್‌ನವರ ಜೊತೆ ಕುಳಿತು ಮಾತಾಡಿ. ಇದು ಮೊದಲ ಹಾರಾಟ, ನಿಲ್ದಾಣದ ಮೇಲೆಯೇ ಸುತ್ತಬೇಕು ಅಂತ ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ.

ರನ್‌ವೇ ಮೇಲೆ ಓಡಿಸಿ ನೋಡುವ ವಿಷಯ. ನಿಧಾನ ಟ್ಯಾಕ್ಸಿ (ನೆಲದ ಮೇಲೇ ಓಡಿಸುವುದು) ಬೇಕಾದಷ್ಟು ಮಾಡಿ. ಬ್ರೇಕ್ ಎರಡೂ ಕಡೆ ಸಮ ಹಿಡಿಯುತ್ತಾ, ಮುಂದಿನ ಚಕ್ರ ನಡುಗುತ್ತಾ, ಎಂಜಿನ್ ನಿಧಾನದಲ್ಲಿ ಬಿಸಿ ಏರುತ್ತಾ, ಎಲ್ಲ ಗೊತ್ತಾಗುತ್ತದೆ. ಆದರೆ ಹಾರುವ ವೇಗದ ಹತ್ತಿರ ಮತ್ತೆ ಮತ್ತೆ ಓಡಿಸಬೇಡಿ. ಬ್ರೇಕ್ ಬಿಸಿಯಾಗುತ್ತದೆ. ಒಂದು ಸಣ್ಣ ಗಾಳಿ ಬಂದರೆ ವಿಮಾನ ತಾನಾಗಿ ನೆಲ ಬಿಡುತ್ತದೆ. ಆಗ ಪೈಲಟ್ ಹಾರುವುದಕ್ಕೂ ತಯಾರಿಲ್ಲ, ನಿಲ್ಲಿಸಲು ರನ್‌ವೇಯೂ ಉಳಿದಿಲ್ಲ.

ಚಾಮುಂಡಿ ತಪ್ಪಲು (ಮೈಸೂರು)

ಒಂದು ಅನುಮಾನ. ರನ್‌ವೇ ಮೇಲೇ ಒಂದಡಿ ಮೇಲೆದ್ದು ಇಳಿದರೆ ಸೇಫ್ ಅಲ್ವಾ? ರೈಟ್ ಸಹೋದರರು 1903ರ ಡಿಸೆಂಬರ್ 17ರಂದು ಹಾಗೇ ತಾನೇ ಮಾಡಿದ್ದು? ಮೊದಲ ಸಲ 12 ಸೆಕೆಂಡ್, 120 ಅಡಿ ದೂರ.

ಮಂಡಕಳ್ಳಿ ಮುಂಜಾನೆ

ಅವರ ಮುಂದೆ ಕಿಟ್ಟಿ ಹಾಕ್‌ನ ಮರಳು ಬಯಲಿತ್ತು. ಎದುರಿನಿಂದ ಜೋರು ಗಾಳಿ ಇತ್ತು, ನೆಲದ ಮೇಲಿನ ವೇಗ ಬಹಳ ಕಡಿಮೆ. ಅವರ ವಿಮಾನ ಮೂಗು ಎತ್ತುತ್ತಾ ಇಳಿಸುತ್ತಾ ಕುಣಿಯುತ್ತಿತ್ತು ಅನ್ನೋದನ್ನೂ ನೆನಪಿಡಿ. ನಾಲ್ಕನೇ ಹಾರಾಟ 59 ಸೆಕೆಂಡ್, 852 ಅಡಿ ಹೋಗಿ ಕೊನೆಗೆ ನೆಲಕ್ಕೆ ಬಡಿದು ಮುಂದಿನ ಚೌಕಟ್ಟು ಮುರಿಯಿತು. ನೆಲದ ಹತ್ತಿರ ವಿಮಾನದ ಸ್ವಭಾವವೇ ಬೇರೆ. ಪರಿಚಯ ಮಾಡಿಕೊಳ್ಳಲು ಎತ್ತರ ಬೇಕು. ತಪ್ಪಿದರೆ ಸರಿಮಾಡಿಕೊಳ್ಳುವ ಜಾಗ ಅಲ್ಲಿದೆ.

ರಿವೆಟ್ ಗನ್ (ಹೆಬ್ಬಾಳ, ಮೈಸೂರು)

ನೆಲದ ಮೇಲಿನ ಕೆಲಸದ ಬಗ್ಗೆ ನಾನು ಬರೆಯುತ್ತೇನೆ. ಜನ ಹಾರಾಟದ ಬಗ್ಗೆ ಕೇಳ್ತಾರೆ, ಇದನ್ನು ಕೇಳಲ್ಲ. ನನ್ನ ಪ್ರಕಾರ ಮುಕ್ಕಾಲು ಪರೀಕ್ಷೆ ಹ್ಯಾಂಗರಿನಲ್ಲೇ ಮುಗಿಯಬೇಕು.

ಇಂಧನದ ಹರಿವು. ನಿಮ್ಮ ಎಂಜಿನ್ ಟೇಕಾಫ್ ಶಕ್ತಿಯಲ್ಲಿ ಗಂಟೆಗೆ ಸುಮಾರು 27 ಲೀಟರ್ ಕುಡಿಯುತ್ತದೆ. ಪಂಪ್ ಇರುವ ವ್ಯವಸ್ಥೆ ಅದರ ಒಂದೂಕಾಲು ಪಟ್ಟು ಕೊಡಬೇಕು, ಅಂದರೆ ಗಂಟೆಗೆ 34 ಲೀಟರ್. ಬರೀ ಗುರುತ್ವದಿಂದ ಇಳಿಯುವುದಾದರೆ ಒಂದೂವರೆ ಪಟ್ಟು. ಸುಮ್ನೆ ಸಮತಟ್ಟು ನೆಲದಲ್ಲಿ ನಿಲ್ಲಿಸಿ ಅಳೆದರೆ ಪ್ರಯೋಜನವಿಲ್ಲ. ಮುಂದಿನ ಚಕ್ರ ಎತ್ತಿ, ಬಾಲ ಇಳಿಸಿ, ವಿಮಾನ ಕಡಿದಾಗಿ ಏರುವಾಗ ಇರುವ ಕೋನಕ್ಕೆ ತನ್ನಿ. ಟ್ಯಾಂಕಿನಲ್ಲಿ ಸ್ವಲ್ಪವೇ ಇಂಧನ ಇರಲಿ. ಕಾರ್ಬ್ಯುರೇಟರ್ ಹತ್ತಿರ ಪೈಪ್ ಬಿಚ್ಚಿ, ಅಳತೆ ಡಬ್ಬಕ್ಕೆ ಬಿಟ್ಟು, ಗಡಿಯಾರ ನೋಡಿ. ಪೆಟ್ರೋಲ್ ಹಬೆ, ಅದಕ್ಕೇ ಬಯಲಲ್ಲಿ ಮಾಡಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ.

ಯಾವ ಪೆಟ್ರೋಲ್? ಬಂಕಿನಲ್ಲಿ ಈಗ ಸಿಗುವುದು ಶೇ. 20 ಎಥನಾಲ್ ಬೆರೆತದ್ದು. ರೋಟ್ಯಾಕ್ಸ್ 912ಕ್ಕೆ ತಯಾರಕರು ಒಪ್ಪಿರುವುದು ಶೇ. 10ರವರೆಗೆ ಮಾತ್ರ. ಎಥನಾಲ್ ನೀರು ಹೀರುತ್ತದೆ, ಹಳೇ ರಬ್ಬರ್ ಪೈಪ್ ಮೆತ್ತಗಾಗುತ್ತದೆ. ಅನುಮಾನ ಇದ್ದರೆ ಗೆರೆ ಇರುವ ಗಾಜಿನ ಜಾರಿಗೆ 10 ಮಿಲಿ ನೀರು ಹಾಕಿ, 100ರ ಗೆರೆವರೆಗೆ ಪೆಟ್ರೋಲ್ ತುಂಬಿ, ಕುಲುಕಿ ಬಿಡಿ. ನೀರಿನ ಮಟ್ಟ ಎಷ್ಟು ಮೇಲೇರಿತೋ ಹೆಚ್ಚುಕಮ್ಮಿ ಅಷ್ಟು ಎಥನಾಲ್. ವಿಮಾನದ ಪೆಟ್ರೋಲ್ ಏವ್‌ಗ್ಯಾಸ್ 100ಎಲ್‌ಎಲ್ ಹಾಕಬಹುದು. ಅದರಲ್ಲಿ ಸೀಸ ಇರುವುದರಿಂದ ಆಯಿಲ್ ಬೇಗ ಬೇಗ ಬದಲಿಸಬೇಕು.

ಗಾಳಿ ವೇಗದ ಮೀಟರ್. ಇದಕ್ಕೆ ದುಡ್ಡಿಲ್ಲದ ಪರೀಕ್ಷೆ ಇದೆ. ಒಂದು ಪಾರದರ್ಶಕ ಪೈಪನ್ನು ಇಂಗ್ಲಿಷಿನ ಯು ಆಕಾರಕ್ಕೆ ಬಗ್ಗಿಸಿ, ಬಣ್ಣದ ನೀರು ತುಂಬಿ, ಒಂದು ತುದಿ ಪಿಟಾಟ್ ಕೊಳವೆಗೆ (ಎದುರು ಗಾಳಿಯ ಒತ್ತಡ ಹಿಡಿದು ವೇಗದ ಮೀಟರಿಗೆ ಕೊಡುವ ಕೊಳವೆ) ಸೇರಿಸಿ. ಇನ್ನೊಂದು ತುದಿ ತೆರೆದೇ ಇಟ್ಟು ನಿಧಾನವಾಗಿ ಮೇಲೆತ್ತಿ. ನೀರಿನ ಎರಡು ಮಟ್ಟಗಳ ನಡುವೆ ಸುಮಾರು 60 ಮಿಲಿಮೀಟರ್ ವ್ಯತ್ಯಾಸ ಬಂದಾಗ ಮೀಟರ್ 60 ನಾಟ್ ತೋರಿಸಬೇಕು. 165 ಮಿಲಿಮೀಟರಿಗೆ 100 ನಾಟ್. ಪೈಪನ್ನು ಅದೇ ಎತ್ತರದಲ್ಲಿ ಹಿಡಿದರೆ ಮುಳ್ಳು ಅಲ್ಲೇ ನಿಲ್ಲಬೇಕು. ಇಳಿದರೆ ಎಲ್ಲೋ ಸೋರುತ್ತಿದೆ.

ಪಿಟಾಟ್‌ಗೆ ಮುಚ್ಚಳ ಹಾಕದೆ ಒಂದು ರಾತ್ರಿಯೂ ಬಿಡಬೇಡಿ. ನಮ್ಮ ಕಡೆ ಮಣ್ಣಿನ ಗೂಡು ಕಟ್ಟುವ ಕಣಜಗಳಿಗೆ ಆ ಕೊಳವೆ ಅಂದರೆ ಪ್ರೀತಿ. ಟ್ಯಾಂಕಿನ ಗಾಳಿಕಿಂಡಿಗೂ ಅವೇ ಬರುತ್ತವೆ. 1996ರ ಫೆಬ್ರವರಿಯಲ್ಲಿ ಡೊಮಿನಿಕನ್ ಗಣರಾಜ್ಯದಲ್ಲಿ ಬಿದ್ದ ಬಿರ್ಗೆನ್‌ಏರ್ ಬೋಯಿಂಗ್ 757ರ ಪಿಟಾಟ್ ಮುಚ್ಚಿದ್ದು ಇಂಥದ್ದೇ ಕಣಜದ ಗೂಡು ಅಂತ ತನಿಖೆ ಮಾಡಿದವರು ಅಂದಾಜು ಮಾಡಿದರು. 189 ಜನ ಸತ್ತರು.

ಹಳೇ ಹ್ಯಾಂಗರ್ (ಮೈಸೂರು)

ಅದಕ್ಕೆ ಎರಡು ಸೇರಿಸುತ್ತೇನೆ.

ಸ್ಟಿಕ್ (ವಿಮಾನ ನಡೆಸುವ ಕೋಲು) ಹಿಡಿದು ಹೆಬ್ಬೆರಳು ಮೇಲೆ ಮಾಡಿ. ಸ್ಟಿಕ್ ಎಡಕ್ಕೆ ವಾಲಿಸಿದರೆ ಹೆಬ್ಬೆರಳು ಎಡಕ್ಕೆ ತೋರಿಸುತ್ತದೆ. ಎಡಗಡೆಯ ಏಲಿರಾನ್ (ವಿಮಾನ ವಾಲಿಸುವ, ರೆಕ್ಕೆ ಹಿಂದಿನ ಪಟ್ಟಿ) ಮೇಲೆ ಎದ್ದಿರಬೇಕು. ಸಣ್ಣ ವಿಷಯ ಅನ್ನಬೇಡಿ. ಲ್ಯಾಂಕಾಸ್ಟರ್ ಬಾಂಬರ್ ವಿನ್ಯಾಸ ಮಾಡಿದ ರಾಯ್ ಚಾಡ್ವಿಕ್ 1947ರ ಆಗಸ್ಟ್ 23ರಂದು ತನ್ನದೇ ಟ್ಯೂಡರ್ ವಿಮಾನದಲ್ಲಿ ಸತ್ತರು. ಏಲಿರಾನ್ ತಂತಿಗಳನ್ನು ಅದಲುಬದಲು ಜೋಡಿಸಿದ್ದರು. ಕಟ್ಟಿದವರ ಕಣ್ಣು ಇರಬೇಕಾದ್ದನ್ನೇ ನೋಡುತ್ತದೆ, ಇರುವುದನ್ನಲ್ಲ. ಅದಕ್ಕೇ ಈ ವಿಮಾನ ಮುಟ್ಟಿಯೇ ಇಲ್ಲದ ಒಬ್ಬರನ್ನು ಕರೆದು ಎಲ್ಲ ಬೋಲ್ಟು, ಬೋಲ್ಟು ಸಡಿಲವಾಗದಂತೆ ಕಟ್ಟುವ ಎಲ್ಲ ಸೇಫ್ಟಿ ವೈರ್ ತೋರಿಸಿ.

ಎರಡನೆಯದು ತೂಕ. ಬಣ್ಣ ಹೊಡೆದ ಮೇಲೆ ತೂಗಿ, ಮೊದಲಲ್ಲ. ಬಾಲಕ್ಕೆ ಬಳಿದ ಬಣ್ಣ ಅಲ್ಲೇ ದೂರದಲ್ಲಿ ಕೂತು ವಿಮಾನವನ್ನು ಹಿಂದಕ್ಕೆ ಎಳೆಯುತ್ತದೆ. ಮೂರು ಚಕ್ರದ ಕೆಳಗೆ ಮೂರು ತಕ್ಕಡಿ, ವಿಮಾನ ನೀರುಮಟ್ಟದಲ್ಲಿ ಸಮವಾಗಿರಬೇಕು, ಹ್ಯಾಂಗರ್ ಬಾಗಿಲು ಮುಚ್ಚಿರಬೇಕು. ಭಾರದ ಕೇಂದ್ರ ತೀರಾ ಮುಂದಿದ್ದರೆ ಇಳಿಯುವಾಗ ಮೂಗು ಏಳುವುದು ಕಷ್ಟ, ಅಷ್ಟೇ. ಹಿಂದಿದ್ದರೆ ವಿಮಾನ ನಿಲ್ಲದೆ ತೊನೆಯುತ್ತದೆ, ಸ್ಟಾಲ್ ಆಗಿ (ವೇಗ ಸಾಲದೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಂಡು) ಸ್ಪಿನ್‌ಗೆ (ಗಿರಗಿರ ಸುತ್ತುತ್ತಾ ಬೀಳುವುದು) ಬಿದ್ದರೆ ಹೊರಗೆ ಬರದೇ ಇರಬಹುದು. ಮೊದಲ ಹಾರಾಟಕ್ಕೆ ಕೇಂದ್ರ ಅನುಮತಿಸಿದ ವ್ಯಾಪ್ತಿಯ ಮುಂದಿನ ಅರ್ಧದಲ್ಲಿರಲಿ.

ನಾಲೆ ಬಯಲು (ಪಾಂಡವಪುರ)

ನಾನು ರೈತ, ವಿಮಾನ ಗೊತ್ತಿಲ್ಲ. ಎಂಜಿನ್ ನಿಂತರೆ ನಮ್ಮ ಗದ್ದೆಯಲ್ಲಿ ಇಳಿಸ್ತೀರಾ? ಕಬ್ಬು ಆಳೆತ್ತರಕ್ಕಿಂತ ಜಾಸ್ತಿ ಬೆಳೆದಿರುತ್ತೆ.

ಮಂಡಕಳ್ಳಿ ಮುಂಜಾನೆ

ಒಳ್ಳೇ ಪ್ರಶ್ನೆ. ಮೊದಲ ಹಾರಾಟದ ಯೋಜನೆಯ ಅರ್ಧ ಇದೇ. ನೆಲ ಬಿಟ್ಟ ಕೂಡಲೇ ಎಂಜಿನ್ ನಿಂತರೆ ಹಿಂದೆ ತಿರುಗಿ ರನ್‌ವೇಗೆ ಬರಲು ಹೋಗಬಾರದು. ಮೂಗು ಇಳಿಸಿ, ನೇರ ಮುಂದೆ, ಸ್ವಲ್ಪ ಎಡಬಲ ಬಿಟ್ಟರೆ ಬೇರೆ ಕಡೆ ಇಲ್ಲ. ಅದಕ್ಕೇ ಹಿಂದಿನ ದಿನ ಬೈಕಿನಲ್ಲಿ ಹೋಗಿ ರನ್‌ವೇಯ ಎರಡೂ ತುದಿಯ ಆಚೆಗಿನ ಹೊಲಗಳನ್ನು ನೋಡಿ ಬರಬೇಕು. ಒಂದು ಪಕ್ಕ ನಂಜನಗೂಡು ರಸ್ತೆ, ರೈಲು ಹಳಿ ಇವೆ. ಕರೆಂಟ್ ಕಂಬ ಎಲ್ಲಿದೆ, ಹೊಸ ಲೇಔಟಿನ ಕಲ್ಲು ಎಲ್ಲಿ ನೆಟ್ಟಿದ್ದಾರೆ, ಇದು ಮೇಲಿನಿಂದ ಕಾಣಲ್ಲ.

ಆರಿಸುವ ಅವಕಾಶ ಇದ್ದರೆ ಕೊಯ್ಲಾದ ರಾಗಿ ಹೊಲ. ಕೊಯ್ಲಾಗಿ ಒಣಗಿದ ಭತ್ತದ ಗದ್ದೆಯೂ ಆಗುತ್ತದೆ, ಆದರೆ ಬದುವಿಗೆ ಅಡ್ಡ ಇಳಿಯಬಾರದು, ಬದುವಿನ ಉದ್ದಕ್ಕೆ ಇಳಿಯಬೇಕು. ನೀರು ನಿಂತ ಗದ್ದೆಯಲ್ಲಿ ಚಕ್ರ ಹೂತು ಪಲ್ಟಿ ಹೊಡೆಯುತ್ತದೆ. ಕಬ್ಬೇ ಗತಿ ಅಂತಾದರೆ ಸುಳಿಯ ಮಟ್ಟವನ್ನೇ ನೆಲ ಅಂದುಕೊಂಡು, ಆದಷ್ಟು ನಿಧಾನ ಮಾಡಿ, ಅದರ ಮೇಲೆ ಕೂರಿಸಬೇಕು. ತೆಂಗಿನ ಸಾಲು, ನಾಲೆ ಏರಿ ಹತ್ತಿರ ಬೇಡವೇ ಬೇಡ.

ನಾಲೆ ಬಯಲು (ಪಾಂಡವಪುರ)

ಜನವರಿ ಹೊತ್ತಿಗೆ ನಾಲೆ ಕಡೆ ಭತ್ತ ಕೊಯ್ಲು ಆಗಿರುತ್ತೆ. ಆದರೆ ಮೆದೆ, ಹುಲ್ಲಿನ ಕಂತೆ ಅಲ್ಲಲ್ಲೇ ಇರುತ್ತೆ, ನೋಡ್ಕೊಳ್ಳಿ. ಒಳ್ಳೇದಾಗಲಿ.

ಹಳೇ ಹ್ಯಾಂಗರ್ (ಮೈಸೂರು)

ಎಂಜಿನ್ ಎಣ್ಣೆ ನೋಡುವ ಮೊದಲು ಪ್ರೊಪೆಲ್ಲರನ್ನು ಅದು ತಿರುಗುವ ದಿಕ್ಕಿಗೇ ಕೈಯಿಂದ ತಿರುಗಿಸಿ, ಎಣ್ಣೆ ಟ್ಯಾಂಕಿನಿಂದ ಗುಳುಗುಳು ಸದ್ದು ಬರುವವರೆಗೆ. ಇಗ್ನಿಷನ್ (ಎಂಜಿನ್‌ಗೆ ಕಿಡಿ ಕೊಡುವ ವ್ಯವಸ್ಥೆ) ಎರಡೂ ಆಫ್ ಇರಲಿ. ಆಮೇಲೆ ಕಡ್ಡಿ ಅದ್ದಿ. ಇದು ಮಾಡದೆ ಓದಿದ ಮಟ್ಟ ಸುಳ್ಳು. ಎಣ್ಣೆ 50 ಡಿಗ್ರಿ ಬಿಸಿಯಾಗದೆ ಪೂರ್ತಿ ಥ್ರಾಟಲ್ ಕೊಡಬೇಡಿ.

ಇಂಧನದ ವಾಲ್ವ್ ಕೂತಲ್ಲಿಂದ ಬೆಲ್ಟ್ ಬಿಚ್ಚದೆ ಕೈಗೆ ಸಿಗುತ್ತಾ ಅಂತಲೂ ನೋಡಿ. ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಬಿದ್ದು ಸತ್ತದ್ದು ಬೇರೆಯವರು ಕಟ್ಟಿದ ಲಾಂಗ್-ಈಝಿ ವಿಮಾನದಲ್ಲಿ. ಅದರ ಇಂಧನ ವಾಲ್ವನ್ನು ಪೈಲಟ್‌ನ ಎಡ ಭುಜದ ಹಿಂದೆ ಕೂರಿಸಿದ್ದರು.

ಕಬ್ಬಿನಗದ್ದೆ (ಮಂಡ್ಯ)

ತುಂಬಾ ದಿನದ ಮೇಲೆ ಬರೆಯುತ್ತಿದ್ದೇನೆ. ಹಾರಿತು!

ಪೂಜೆ ದಸರಾದಲ್ಲೇ ಆಯಿತು, ಊರೇ ಬಂದಿತ್ತು. ಹಾರಾಟ ಆಗಿದ್ದು ಬಹಳ ಆಮೇಲೆ, ಚಳಿಗಾಲದ ಒಂದು ಬೆಳಿಗ್ಗೆ. ಹ್ಯಾಂಗರಿನಲ್ಲಿ ನಾನು, ತಮ್ಮ, ರಿವೆಟ್ ಗನ್ ಮೇಡಂ, ಬೆಂಕಿ ಸಿಲಿಂಡರ್ ಹಿಡಿದ ಇಬ್ಬರು, ಅಷ್ಟೇ. ಈ ಎಂಜಿನ್‌ನಲ್ಲಿ ಪಳಗಿದ ಪೈಲಟ್ ಒಬ್ಬರು ಹಾರಿಸಿದರು. ನಾನು ರೇಡಿಯೋ ಹಿಡಿದು ನಿಂತಿದ್ದೆ. ಅದಕ್ಕೂ ಮೊದಲು ಒಂದು ಬೆಳಿಗ್ಗೆ ಎಲ್ಲ ತಯಾರಾಗಿ, ಎಡಗಡೆ ಇಗ್ನಿಷನ್ ಒಂದನ್ನೇ ಆನ್ ಇಟ್ಟಾಗ ಎಂಜಿನ್ ಸುತ್ತು ಬಲಗಡೆಯದಕ್ಕಿಂತ ಜಾಸ್ತಿ ಬಿದ್ದಿತು. ಪೈಲಟ್ "ಬೇಡ" ಅಂದು ಇಳಿದುಬಿಟ್ಟರು. ಪ್ಲಗ್ಗಿನ ಕ್ಯಾಪ್ ಒಂದು ಪೂರ್ತಿ ಕೂತಿರಲಿಲ್ಲ. ಬೇಲಿ ಆಚೆ ಊರಿನವರಿದ್ದಿದ್ದರೆ ಅವತ್ತು ಏನಾಗುತ್ತಿತ್ತೋ ಅಂತ ಈಗಲೂ ಯೋಚಿಸ್ತೀನಿ. ಹಳೇ ಹ್ಯಾಂಗರ್ ಸರ್, ನಿಮಗೆ ಕೈ ಮುಗಿಯುತ್ತೇನೆ.

ಹಾರಿದ ದಿನ ನಿಲ್ದಾಣದ ಮೇಲೆಯೇ ಸುತ್ತುತ್ತಾ ಏರಿದರು. ಎತ್ತರ ಸಿಗುವವರೆಗೆ ಥ್ರಾಟಲ್ ಮುಟ್ಟಲಿಲ್ಲ. ಏರುವಾಗ ಎಣ್ಣೆ 115 ಡಿಗ್ರಿಗೆ ಹೋಯಿತು. ಮಿತಿ 130, ಆದರೂ ಮೂಗು ಸ್ವಲ್ಪ ಇಳಿಸಿ ಗಾಳಿ ಜಾಸ್ತಿ ಹೋಗುವಂತೆ ಮಾಡಿದರು, ಇಳಿಯಿತು. ಮೇಲೆ ನಿಧಾನ ಮಾಡುತ್ತಾ ಹೋಗಿ, ಫ್ಲಾಪ್ (ನಿಧಾನ ಹಾರಲು ಇಳಿಸುವ ರೆಕ್ಕೆ ಪಟ್ಟಿ) ಇಳಿಸಿ, 42 ನಾಟ್‌ಗೆ ಸ್ಟಿಕ್‌ನಲ್ಲಿ ಸ್ಟಾಲಿನ ನಡುಕ ಬಂತು ಅಂದರು. ಅದರ 1.3 ಪಟ್ಟು 55 ನಾಟ್. ಅದೇ ವೇಗದಲ್ಲಿ ಇಳಿಸಿದರು. ಎಡ ರೆಕ್ಕೆ ಭಾರ ಅಂತ ಹೇಳಿದರು. ಕೌಲಿಂಗ್ (ಎಂಜಿನ್ ಮುಚ್ಚಳ) ಬಿಚ್ಚಿದಾಗ ರೇಡಿಯೇಟರ್ ಸುತ್ತ ಗಾಳಿ ತಪ್ಪಿಸಿಕೊಳ್ಳುವ ಸಂದು ಕಂಡಿತು, ಮುಚ್ಚಿದ್ದೇವೆ. ಎಣ್ಣೆ ಈಗ 100ರ ಆಸುಪಾಸು.

ಆಮೇಲಿನ ಹಾರಾಟಗಳಲ್ಲಿ ಒಂದು ಒಗಟು. 5,000 ಅಡಿಯಲ್ಲಿ, ಹೊರಗೆ 22 ಡಿಗ್ರಿ, ಮೀಟರ್ 80 ನಾಟ್ ತೋರಿಸುವಾಗ ನಾಲ್ಕು ದಿಕ್ಕಿಗೆ ಹಾರಿ ಜಿಪಿಎಸ್ ವೇಗದ ಸರಾಸರಿ ತೆಗೆದರೆ 84 ಬರ್ತಿದೆ. ಸರೀನಾ?

ರಿವೆಟ್ ಗನ್ (ಹೆಬ್ಬಾಳ, ಮೈಸೂರು)

ಸರಿ ಇಲ್ಲ. ಆ ಎತ್ತರ, ಆ ಬಿಸಿಗೆ ನಿಜವಾದ ವೇಗ 89ರ ಹತ್ತಿರ ಬರಬೇಕು. ಅಂದರೆ ಮೀಟರ್ ಇರುವುದಕ್ಕಿಂತ ಸುಮಾರು 4 ನಾಟ್ ಜಾಸ್ತಿ ಹೇಳುತ್ತಿದೆ. ನೀರಿನ ಪೈಪಿನ ಪರೀಕ್ಷೆಯಲ್ಲಿ ಮೀಟರ್ ಸರಿ ಬಂದಿತ್ತು, ನಾನೇ ನೋಡಿದ್ದೆ. ಹಾಗಾದರೆ ತಪ್ಪು ಸ್ಟ್ಯಾಟಿಕ್ ರಂಧ್ರದ (ಸುತ್ತಲಿನ ಗಾಳಿಯ ಒತ್ತಡವನ್ನು ಮೀಟರಿಗೆ ಕೊಡುವ ತೂತು) ಕಡೆ. ಕಿಟ್‌ನವರು ಅಲ್ಲಿ ಉಬ್ಬಿದ ತಲೆಯ ರಿವೆಟ್ ಕೊಟ್ಟಿದ್ದರೆ ಅದನ್ನೇ ಹಾಕಿ. ಚೆಂದಕ್ಕೆ ಅಂತ ಚಪ್ಪಟೆ ಮಾಡಿದರೆ ಓದು ಬದಲಾಗುತ್ತದೆ. ಸರಿ ಮಾಡುವ ತನಕ ಕಿಟ್ ಕೈಪಿಡಿಯ ಇಳಿಯುವ ವೇಗ ಬಳಸಬೇಡಿ. ನಿಮ್ಮದೇ ಮೀಟರಿನಲ್ಲಿ ನೋಡಿದ ಸ್ಟಾಲಿನಿಂದ ಲೆಕ್ಕ ಹಾಕಿದ 55 ಇದೆಯಲ್ಲ, ಅದೇ ಇರಲಿ. ರಂಧ್ರ ಬದಲಿಸಿದ ದಿನ ಸ್ಟಾಲ್ ಮತ್ತೆ ಅಳೆಯಬೇಕು.

ಹಳೇ ಹ್ಯಾಂಗರ್ (ಮೈಸೂರು)

ಎಡ ರೆಕ್ಕೆ ಭಾರಕ್ಕೆ ಕೂಡಲೇ ತಗಡು ಬಗ್ಗಿಸಲು ಹೋಗಬೇಡಿ. ಮೊದಲು ರಡ್ಡರ್ (ಬಾಲದ ಚುಕ್ಕಾಣಿ) ಸರಿಮಾಡಿ, ವಿಮಾನ ಓರೆಯಾಗಿ ಜಾರುವುದನ್ನು ತೋರಿಸುವ ಮೀಟರಿನ ಗೋಲಿ ಮಧ್ಯಕ್ಕೆ ಬರಲಿ. ಎರಡೂ ಟ್ಯಾಂಕಿನಲ್ಲಿ ಇಂಧನ ಸಮ ಇರಲಿ. ಪೈಲಟ್ ಒಬ್ಬರೇ ಎಡಗಡೆ ಕೂತಿದ್ದಾರೆ, ಅದೂ ಲೆಕ್ಕಕ್ಕಿದೆ. ಇಷ್ಟಾದ ಮೇಲೂ ವಾಲಿದರೆ ಎಡ ಏಲಿರಾನ್‌ನ ಸಣ್ಣ ಟ್ಯಾಬ್ ಅನ್ನು ಒಂಚೂರು ಮೇಲಕ್ಕೆ ಬಗ್ಗಿಸಿ. ಟ್ಯಾಬ್ ಮೇಲಾದರೆ ಏಲಿರಾನ್ ಕೆಳಗೆ ಬರುತ್ತದೆ, ರೆಕ್ಕೆ ಏಳುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗಲ್ಲ.

ಕಬ್ಬಿನಗದ್ದೆ (ಮಂಡ್ಯ)

ಈಗ ನಾನೂ ಹಾರಿಸುತ್ತಿದ್ದೇನೆ, ಪೈಲಟ್ ಒಪ್ಪಿಗೆ ಕೊಟ್ಟ ಮೇಲೆ. ಆ ಖುಷಿ ಬರೆಯಲು ಬರುತ್ತಿಲ್ಲ. ಅಪ್ಪ ದಿನಾ ಕೇಳ್ತಾರೆ, ನನ್ನನ್ನು ಯಾವಾಗ ಕೂರಿಸ್ತೀಯ ಅಂತ.

ಮಂಡಕಳ್ಳಿ ಮುಂಜಾನೆ

ಪರೀಕ್ಷೆಯ ಗಂಟೆಗಳು ಮುಗಿಯುವ ತನಕ ಇಲ್ಲ. ಅಮೆರಿಕದಲ್ಲಿ ಇದು ಸಾಮಾನ್ಯವಾಗಿ 40 ಗಂಟೆ, ಪ್ರಮಾಣೀಕೃತ ಎಂಜಿನ್ ಮತ್ತು ಪ್ರೊಪೆಲ್ಲರ್ ಜೋಡಿ ಇದ್ದರೆ 25. ನಿಮ್ಮ ಪತ್ರದಲ್ಲಿ ಏನಿದೆಯೋ ಅದು ನಿಮಗೆ. ಗಂಟೆ ತುಂಬಿಸಲು ಸುಮ್ನೆ ಸುತ್ತಬೇಡಿ, ಪ್ರತಿ ಹಾರಾಟಕ್ಕೂ ಒಂದು ಕಾರ್ಡ್ ಇರಲಿ. ವೇಗದ ಮಿತಿ ಕಡೆ ಹೋಗುವಾಗ 5 ನಾಟ್, 5 ನಾಟ್ ಏರಿಸಿ. ಸ್ಟಿಕ್‌ನಲ್ಲಿ ಸಣ್ಣ ಕಂಪನ ಬಂದರೂ ಥ್ರಾಟಲ್ ಎಳೆದು, ನಿಧಾನವಾಗಿ ಮೂಗು ಎತ್ತಿ ವೇಗ ಇಳಿಸಿ, ಅವತ್ತಿನ ಪರೀಕ್ಷೆ ಅಲ್ಲಿಗೆ ಬಿಡಿ.

ಆಮೇಲೆ ಭಾರ. ಅಪ್ಪನ ಸೀಟಿನಲ್ಲಿ ಮೊದಲು ಮರಳು ಚೀಲ ಕೂರಬೇಕು. ಹತ್ತತ್ತು ಕಿಲೋ ಸೇರಿಸುತ್ತಾ ಅಪ್ಪನ ತೂಕಕ್ಕೆ ಬನ್ನಿ. ಪ್ರತಿ ಭಾರಕ್ಕೂ ಏರುವ ವೇಗ, ಸ್ಟಾಲ್, ಇಳಿಯುವ ದೂರ ಬರೆಯಿರಿ.

ಕಬ್ಬಿನಗದ್ದೆ (ಮಂಡ್ಯ)

ಮರಳೇ ಬೇಕಾ? ಮನೆಯಲ್ಲಿ ಸಕ್ಕರೆ ಮೂಟೆ ಇದೆ, 50 ಕಿಲೋ, ತೂಕ ಪಕ್ಕಾ.

ಹಳೇ ಹ್ಯಾಂಗರ್ (ಮೈಸೂರು)

ಯಾವುದಾದರೂ ಆಗಬಹುದು, ಆದರೆ ಒಂದೇ ದೊಡ್ಡ ಮೂಟೆ ಬೇಡ. ಹತ್ತು ಕಿಲೋದ ಸಣ್ಣ ಚೀಲ ಮಾಡಿ, ಎರಡು ಪದರ ಹೊಲಿಗೆ ಹಾಕಿಸಿ. ಒಂದು ಹರಳು ಸೋರಿ ಸ್ಟಿಕ್‌ನ ಬುಡಕ್ಕೆ ಹೋದರೂ ತೊಂದರೆ. ಸೀಟ್ ಬೆಲ್ಟಿನಿಂದ ಬಿಗಿದು ಕಟ್ಟಿ, ವಿಮಾನ ಎಷ್ಟು ವಾಲಿದರೂ ಜಾರಬಾರದು. ಆ ಕಡೆಯ ಸ್ಟಿಕ್ ಬಿಚ್ಚಲು ಬರುವುದಾದರೆ ಬಿಚ್ಚಿಡಿ. ಬರದಿದ್ದರೆ ಎಂಜಿನ್ ಶುರು ಮಾಡುವ ಮೊದಲು ಸ್ಟಿಕ್ ಪೂರ್ತಿ ಹಿಂದೆ, ಪೂರ್ತಿ ಎಡ, ಪೂರ್ತಿ ಬಲ ಎಳೆದು ಚೀಲಕ್ಕೆ ಎಲ್ಲಾದರೂ ತಾಗುತ್ತಾ ನೋಡಿ. ನಾಳೆ ಶೆಡ್ಡಿಗೆ ಬರುತ್ತೇನೆ, ತಕ್ಕಡಿ ನಾನು ತರುತ್ತೇನೆ.